ಹಳೇ ಜರ್ಮನ್ ಪದಕ ಕೊಳ್ಳುವ ಮುಂಚೆ ರಿಬ್ಬನ್ ಓದುವುದು ಕಲಿಯಿರಿ

ನಾನು ದುಡ್ಡು ಕೊಟ್ಟು ಕೊಂಡ ಮೊದಲ ಐರನ್ ಕ್ರಾಸ್, ಅಂದರೆ ಜರ್ಮನ್ ಸೈನಿಕರಿಗೆ ಯುದ್ಧದಲ್ಲಿ ಕೊಡುತ್ತಿದ್ದ ಶಿಲುಬೆ ಆಕಾರದ ಪದಕ, ನಕಲಿ. ಮ್ಯೂನಿಕ್ ಕಡೆಯ ಒಂದು ಹಳೇ ಸಾಮಾನಿನ ಸಂತೆ, ಶನಿವಾರ ಬೆಳಗ್ಗೆ, ಚಳಿ. ಮಾರುವವನು ತನ್ನ ಅಜ್ಜನ ಕಥೆ ಹೇಳಿದ, ವೆರ್ಡನ್ ಯುದ್ಧ ಅಂದ, ಗಾಯ ಅಂದ, ನಾನು 70 ಯೂರೋ ಎಣಿಸಿ ಕೊಟ್ಟೆ. ಮನೆಗೆ ಬಂದು ಫ್ರಿಜ್ ಮೇಲಿದ್ದ ಅಯಸ್ಕಾಂತ ತಂದು ಇಟ್ಟೆ. ಅಂಟಲಿಲ್ಲ. ಹೆಸರೇ ಕಬ್ಬಿಣದ ಶಿಲುಬೆ, ಒಳಗೆ ಕಬ್ಬಿಣವೇ ಇಲ್ಲ! ಕಿವಿ ಮೇಲೆ ಹೂ ಇಡಿಸಿಕೊಂಡು ಬಂದಿದ್ದೆ.

ಆಮೇಲೆ ಒಂದು ವರ್ಷ ನಾನು ಶಿಲುಬೆ ಕೊಳ್ಳಲೇ ಇಲ್ಲ. ಬರೀ ರಿಬ್ಬನ್ ಬಾರ್ ಕೊಂಡೆ, ಅಂದರೆ ಪದಕದ ಬದಲು ಎದೆಗೆ ಚುಚ್ಚಿಕೊಳ್ಳುವ ಬಣ್ಣದ ಬಟ್ಟೆ ಪಟ್ಟಿ. ಹೊಸಬರಿಗೂ ಇದನ್ನೇ ಹೇಳುತ್ತೇನೆ. ಹೊಳೆಯುವ ಪದಕದ ಹಿಂದೆ ಓಡಬೇಡಿ, ಮೊದಲು ಎರಡು ಬೆರಳಗಲದ ಬಟ್ಟೆ ಪಟ್ಟಿ ಓದುವುದು ಕಲಿಯಿರಿ. ಅದು ಅಗ್ಗ, ಸಾಧಾರಣ ಪಟ್ಟಿಗಳನ್ನು ನಕಲು ಮಾಡಿದರೆ ಮಾಡಿದವನಿಗೆ ಲಾಭವಿಲ್ಲ, ಮತ್ತು ಒಬ್ಬ ಸೈನಿಕನ ಊರು, ವಯಸ್ಸು, ಅವನು ಯುದ್ಧ ಮಾಡಿದ ಜಾಗ ಎಲ್ಲ ಅದರಲ್ಲಿ ಸಾಲಾಗಿ ಬರೆದಿರುತ್ತದೆ.

ಮೊದಲು ಹೆಸರುಗಳು. ಪೂರ್ತಿ ಪದಕಗಳನ್ನು ಸಾಲಾಗಿ ತೂಗುಹಾಕಿ ಹೊಲಿದ ದೊಡ್ಡ ಪಟ್ಟಿಗೆ ಜರ್ಮನ್ನರು ಓರ್ಡೆನ್ಸ್‌ಶ್ನಾಲೆ ಅನ್ನುತ್ತಾರೆ. ಇದು ಪರೇಡ್‌ಗೆ, ಹಬ್ಬಕ್ಕೆ. ದಿನಾ ಎದೆಗೆ ಚುಚ್ಚಿಕೊಳ್ಳುವ, ಬರೀ ರಿಬ್ಬನ್ ಇರುವ ಚಿಕ್ಕದಕ್ಕೆ ಬಾಂಡ್‌ಶ್ಪಾಂಗೆ ಅಥವಾ ಫೆಲ್ಡ್‌ಶ್ಪಾಂಗೆ. ಜರ್ಮನಿಯ ಹರಾಜು ಪಟ್ಟಿಗಳಲ್ಲಿ ಹುಡುಕುವಾಗ ಈ ಹೆಸರುಗಳಲ್ಲೇ ಹುಡುಕಿ, ಇಂಗ್ಲಿಷಿನಲ್ಲಿ ಹುಡುಕಿದರೆ ಅರ್ಧ ಮಾಲು ಕಣ್ಣಿಗೇ ಬೀಳುವುದಿಲ್ಲ.

ಇಷ್ಟೊಂದು ಬಣ್ಣ ಯಾಕೆ ಅಂತ ಮೊದಮೊದಲು ತಲೆ ಕೆಡುತ್ತದೆ. ಕಾರಣ ಸರಳ. 1871ರಲ್ಲಿ ಜರ್ಮನಿ ಒಂದೇ ಸಾಮ್ರಾಜ್ಯವಾದರೂ ಒಳಗೆ 25 ರಾಜ್ಯಗಳಿದ್ದವು. ಪ್ರಷ್ಯ, ಬವೇರಿಯ, ಸ್ಯಾಕ್ಸನಿ, ವುರ್ಟೆಂಬರ್ಗ್‌ಗೆ ಒಬ್ಬೊಬ್ಬ ರಾಜ. ಉಳಿದವಕ್ಕೆ ಡ್ಯೂಕ್‌ಗಳು, ಪ್ರಿನ್ಸ್‌ಗಳು. ಹ್ಯಾಂಬರ್ಗ್, ಬ್ರೆಮೆನ್, ಲ್ಯೂಬೆಕ್ ಮಾತ್ರ ರಾಜನಿಲ್ಲದ ಸ್ವತಂತ್ರ ನಗರಗಳು. ಎಲ್ಲರೂ ತಮ್ಮ ತಮ್ಮ ಪದಕ ಕೊಟ್ಟರು. ನಮ್ಮ ಹಳೇ ಸಂಸ್ಥಾನಗಳನ್ನು ನೆನೆಸಿಕೊಳ್ಳಿ, ಅರ್ಥವಾಗುತ್ತದೆ. ನಮಗೆ ಇದರಿಂದ ಅನುಕೂಲವೇ, ಯಾಕೆಂದರೆ ರಿಬ್ಬನ್ ಬಣ್ಣ ನೋಡಿದರೆ ಆ ಮನುಷ್ಯ ಯಾವ ಸೀಮೆಯವನು ಅಂತ ಗೊತ್ತಾಗಿಬಿಡುತ್ತದೆ.

ಓದಲು ಶುರುಮಾಡುವುದು ನಿಮ್ಮ ಎಡಗಡೆಯಿಂದ, ಅಂದರೆ ತೊಟ್ಟವನ ಬಲಗಡೆಯಿಂದ. ಅಲ್ಲಿರುವುದೇ ಗೌರವದಲ್ಲಿ ಎಲ್ಲಕ್ಕಿಂತ ದೊಡ್ಡದು. ಹತ್ತರಲ್ಲಿ ಒಂಬತ್ತು ಪಟ್ಟಿಗಳಲ್ಲಿ ಅಲ್ಲಿ ಕಪ್ಪು ರಿಬ್ಬನ್ ಇರುತ್ತದೆ, ಎರಡೂ ಅಂಚಿನ ಹತ್ತಿರ ಒಂದೊಂದು ಬಿಳಿ ಪಟ್ಟೆ. ಇದು ಎರಡನೇ ದರ್ಜೆಯ ಐರನ್ ಕ್ರಾಸ್, ಯುದ್ಧಭೂಮಿಯಲ್ಲಿ ಇದ್ದವನಿಗೆ ಕೊಟ್ಟದ್ದು. ಬಣ್ಣ ತಿರುಗಿದ್ದರೆ, ಅಂದರೆ ಬಿಳಿ ಮೇಲೆ ಕಪ್ಪು ಪಟ್ಟೆ ಇದ್ದರೆ, ಹಿಂದೆ ಉಳಿದು ಸೇವೆ ಮಾಡಿದವನದು. ಈ ಬಿಳಿ ರಿಬ್ಬನ್ ಕಮ್ಮಿ ಸಿಗುತ್ತದೆ, ಹಾಗಾಗಿ ಬೆಲೆ ಜಾಸ್ತಿ. ಮೊದಲ ದರ್ಜೆಯ ರಿಬ್ಬನ್ ಎಲ್ಲಿ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೆ ರಿಬ್ಬನ್ನೇ ಇಲ್ಲ! ಅದನ್ನು ನೇರವಾಗಿ ಎಡಗಡೆ ಎದೆಗೆ ಪಿನ್ ಹಾಕಿ ತೊಡುತ್ತಿದ್ದರು. ಹಾಗಾಗಿ ಪಟ್ಟಿ ತೋರಿಸಿ "ಇವನಿಗೆ ಮೊದಲ ದರ್ಜೆ ಸಿಕ್ಕಿರಲಿಲ್ಲ" ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ, ಪಟ್ಟಿಯಿಂದ ಅದು ತಿಳಿಯುವುದೇ ಇಲ್ಲ.

ಉಳಿದ ಬಣ್ಣಗಳಲ್ಲಿ ಪದೇ ಪದೇ ಕಣ್ಣಿಗೆ ಬೀಳುವ ಕೆಲವು ಮಾತ್ರ ಹೇಳುತ್ತೇನೆ. ನೀಲಿ, ಅಂಚಿನಲ್ಲಿ ಕೆಂಪು: ಓಲ್ಡೆನ್‌ಬರ್ಗ್‌ನ ಫ್ರೀಡ್ರಿಶ್ ಆಗಸ್ಟ್ ಕ್ರಾಸ್. ನೀಲಿ, ಅಂಚಿನಲ್ಲಿ ಹಳದಿ ಮತ್ತು ಕೆಂಪು: ಮೆಕ್ಲೆನ್‌ಬರ್ಗ್-ಶ್ವೇರಿನ್. ಈ ಎರಡನ್ನು ಕತ್ತಲೆ ಸಂತೆಯಲ್ಲಿ ನಾನೇ ಎರಡು ಸಲ ಗೊಂದಲ ಮಾಡಿಕೊಂಡಿದ್ದೇನೆ, ಟಾರ್ಚ್ ಇಟ್ಟುಕೊಳ್ಳಿ. ನೀಲಿ-ಹಳದಿ ಬ್ರೌನ್‌ಶ್ವೈಗ್, ಹಳದಿ-ಕಪ್ಪು ವುರ್ಟೆಂಬರ್ಗ್. ಬರೀ ಕೆಂಪು-ಬಿಳಿ ಕಂಡರೆ ಮೇಲೆ ಹೇಳಿದ ಆ ಮೂರು ಸ್ವತಂತ್ರ ವ್ಯಾಪಾರಿ ನಗರಗಳಲ್ಲಿ ಒಂದರ ಹನ್ಸಿಯಾಟಿಕ್ ಕ್ರಾಸ್ ಇರಬಹುದು. ಮೂರಕ್ಕೂ ಬಣ್ಣ ಒಂದೇ, ಪಟ್ಟೆಗಳ ಜೋಡಣೆ ಬೇರೆ. ಶಿಲುಬೆಯೇ ಕೈಗೆ ಸಿಕ್ಕರೆ ಸುಲಭ: ಕೆಂಪು ಎನಾಮೆಲ್, ನಡುವೆ ಕೋಟೆ ಇದ್ದರೆ ಹ್ಯಾಂಬರ್ಗ್, ಕೀಲಿಕೈ ಇದ್ದರೆ ಬ್ರೆಮೆನ್, ಎರಡು ತಲೆಯ ಹದ್ದು ಇದ್ದರೆ ಲ್ಯೂಬೆಕ್. ಎರಡು ತಲೆ ಅಂದ ತಕ್ಷಣ ನಮಗೆ ಗಂಡಭೇರುಂಡ ನೆನಪಾಗುತ್ತದೆ ಅಲ್ವಾ, ಹಾಗಾಗಿ ಲ್ಯೂಬೆಕ್ ಮರೆಯುವುದೇ ಇಲ್ಲ.

ಬರೀ ಹಳದಿ, ಸ್ವಲ್ಪ ಕಿತ್ತಳೆ ಕಡೆಗೆ ವಾಲಿದ ರಿಬ್ಬನ್ ಕಂಡರೆ ಖುಷಿಪಡಿ. ಅದು 1897ರದು, ಮೊದಲನೇ ವಿಲ್ಹೆಲ್ಮ್ ಚಕ್ರವರ್ತಿ ಹುಟ್ಟಿ 100 ವರ್ಷವಾದ ನೆನಪಿಗೆ ಕೊಟ್ಟ ಪದಕ. ಆಗ ಸೇವೆಯಲ್ಲಿದ್ದವರಿಗೂ ಹಳೇ ಯುದ್ಧಗಳಲ್ಲಿ ಹೋರಾಡಿ ಬದುಕಿದ್ದವರಿಗೂ ಸಿಕ್ಕಿತು. ವಶಪಡಿಸಿಕೊಂಡ ತೋಪುಗಳ ಕಂಚಿನಿಂದ ಮಾಡಿದ್ದು. ಅಪರೂಪವೇನಲ್ಲ, ಆದರೆ ಪಟ್ಟಿಯಲ್ಲಿ ಇದ್ದರೆ ಲೆಕ್ಕ ಹಾಕಬಹುದು: 1897ರಲ್ಲೇ ಸಮವಸ್ತ್ರದಲ್ಲಿದ್ದವನು 1914ರ ಯುದ್ಧಕ್ಕೆ ಹೋದಾಗ ಚಿಕ್ಕ ಹುಡುಗ ಅಲ್ಲ, ನಲವತ್ತರ ಆಸುಪಾಸಿನವನು.

ಇನ್ನು ಹಿಂಡೆನ್‌ಬರ್ಗ್ ಕ್ರಾಸ್, ಆಗಿನ ಜರ್ಮನ್ ಅಧ್ಯಕ್ಷ ಹಿಂಡೆನ್‌ಬರ್ಗ್ ಹೆಸರಿನದು. ಹೊಸಬರು ಇದರಿಂದಲೇ ಶುರುಮಾಡಬೇಕು ಅನ್ನುವುದು ನನ್ನ ಹಠ. 1934ರ ಜುಲೈ 13ರಂದು ಶುರುವಾಯಿತು, ಮೊದಲ ಮಹಾಯುದ್ಧದಲ್ಲಿ ಸೇವೆ ಮಾಡಿದವರು ಅರ್ಜಿ ಹಾಕಿ ಪಡೆಯುತ್ತಿದ್ದರು. ಹೋರಾಡಿದವರಿಗೆ ಕತ್ತಿ ಇರುವುದು, ಸುಮಾರು 62 ಲಕ್ಷ ಜನ ಪಡೆದರು. ಕತ್ತಿ ಇಲ್ಲದ್ದು ಸುಮಾರು 11 ಲಕ್ಷ. ಮಗನನ್ನೋ ಗಂಡನನ್ನೋ ಕಳೆದುಕೊಂಡವರಿಗೆ ಕಪ್ಪು ಬಣ್ಣದ್ದು, ಸುಮಾರು 7 ಲಕ್ಷ. ಕತ್ತಿಯದು 10–20 ಯೂರೋಗೆ ಸಿಗುತ್ತದೆ, ಒಂದು ಊಟದ ದುಡ್ಡು. ಕಬ್ಬಿಣದ್ದು, ಅಯಸ್ಕಾಂತ ಟಕ್ ಅಂತ ಹಿಡಿಯುತ್ತದೆ. ಹಿಂದೆ ತಯಾರಕರ ಗುರುತು ಇರುತ್ತದೆ. ಹತ್ತು ತಯಾರಕರ ಹತ್ತು ಶಿಲುಬೆ ಕೂಡಿಟ್ಟರೆ ಅಸಲಿ ಅಚ್ಚು ಹೇಗಿರುತ್ತದೆ, ಬಣ್ಣ ಎಲ್ಲೆಲ್ಲಿ ಸವೆಯುತ್ತದೆ ಅಂತ ಕೈಗೇ ಅಭ್ಯಾಸವಾಗುತ್ತದೆ. ಕಪ್ಪು ಶಿಲುಬೆ ಮಾತ್ರ ನಾನು ಸುಮ್ನೆ ರಾಶಿಗೆ ಹಾಕುವುದಿಲ್ಲ, ಒಂದೇ ಒಂದು ಇದೆ, ಬೇರೆ ಡಬ್ಬಿಯಲ್ಲಿ.

ಇದು ಪಟ್ಟಿಯಲ್ಲಿದ್ದರೆ ಇನ್ನೊಂದು ಉಪಯೋಗ: ಆ ಪಟ್ಟಿ 1934ರ ಜುಲೈ ಆದಮೇಲೆಯೇ ಹೊಲಿದದ್ದು. "ಕಂದಕದಲ್ಲಿ ಎದೆ ಮೇಲೆ ಇದ್ದದ್ದು" ಅಂತ ಮಾರುವವನು ಕಥೆ ಬಿಟ್ಟರೆ ಅದು ಕಥೆ ಅಷ್ಟೇ.

ಒಂದೇ ಬಣ್ಣಗಳ ಮೂರು ರಿಬ್ಬನ್‌ಗಳು ಎಲ್ಲರ ತಲೆ ತಿನ್ನುತ್ತವೆ, ಕಪ್ಪು-ಬಿಳಿ-ಕೆಂಪು. ನಡುವೆ ಅಗಲ ಕೆಂಪು, ಪಕ್ಕ ಬಿಳಿ, ಅಂಚು ಕಪ್ಪು ಇದ್ದರೆ 1939ರ ಐರನ್ ಕ್ರಾಸ್. ನಡುವೆ ಅಗಲ ಕಪ್ಪು, ಪಕ್ಕ ಬಿಳಿ, ಅಂಚು ಕೆಂಪು ಇದ್ದರೆ ಅದೇ ವರ್ಷದ ವಾರ್ ಮೆರಿಟ್ ಕ್ರಾಸ್. ನಡುವೆ ಸಣ್ಣ ಕೆಂಪು ಪಟ್ಟೆ, ಆಚೆ ಈಚೆ ಕಪ್ಪು, ಬಿಳಿ, ಮತ್ತೆ ಕಪ್ಪು ಇದ್ದರೆ ಹಿಂಡೆನ್‌ಬರ್ಗ್. ಆದರೆ ಇಲ್ಲೊಂದು ಗುಂಡಿ ಇದೆ. 1870–71ರ ಯುದ್ಧದ ಪದಕದ ರಿಬ್ಬನ್ ಕೂಡ ಬಹುತೇಕ ಹೀಗೇ, ಹಿಂಡೆನ್‌ಬರ್ಗ್‌ಗೆ ಅದನ್ನೇ ಮಾದರಿ ಮಾಡಿಕೊಂಡರು. ಪಕ್ಕದ ರಿಬ್ಬನ್‌ಗಳನ್ನು ನೋಡಿಯೇ ತೀರ್ಮಾನಿಸಬೇಕು, ಚಿಕ್ಕ ಕತ್ತಿಗಳು ಮೇಲೆ ಇದ್ದರೆ ಹಿಂಡೆನ್‌ಬರ್ಗ್ ಅಂತ ಧೈರ್ಯವಾಗಿ ಹೇಳಬಹುದು.

ಈಗ ನನ್ನ ಹತ್ತಿರ ಇರುವ ಒಂದು ಪಟ್ಟಿ ಓದೋಣ. ಐದು ರಿಬ್ಬನ್. ಕಪ್ಪು-ಬಿಳಿ; ನೀಲಿಗೆ ಹಳದಿ-ಕೆಂಪು ಅಂಚು; ಕೆಂಪು-ಬಿಳಿ; ಕತ್ತಿ ಇರುವ ಹಿಂಡೆನ್‌ಬರ್ಗ್; ಕೊನೆಗೆ ಕೆಂಪು, ಅಂಚಿನ ಹತ್ತಿರ ಬಿಳಿ ಗೆರೆ. ಮೊದಲನೆಯದು ಐರನ್ ಕ್ರಾಸ್. ಎರಡನೆಯದು ಮೆಕ್ಲೆನ್‌ಬರ್ಗ್, ಅಲ್ಲಿಯವನಿರಬೇಕು ಅಥವಾ 89, 90ನೇ ನಂಬರಿನ ಅಲ್ಲಿಯ ರೆಜಿಮೆಂಟ್‌ಗಳಲ್ಲಿ ಇದ್ದಿರಬೇಕು. ಮೂರನೆಯದು ಹನ್ಸಿಯಾಟಿಕ್. ಬ್ರೆಮೆನ್‌ಗೆ 75, ಹ್ಯಾಂಬರ್ಗ್‌ಗೆ 76, ಲ್ಯೂಬೆಕ್‌ಗೆ 162ನೇ ರೆಜಿಮೆಂಟ್. ಎಲ್ಲವೂ ಉತ್ತರ ಜರ್ಮನಿ, ಒಂದಕ್ಕೊಂದು ಹತ್ತಿರದ ಊರುಗಳು, ಜೋಡಿ ನಂಬುವ ಹಾಗಿದೆ. ಕೊನೆಯದು ತುರ್ಕಿಯ ಯುದ್ಧ ಪದಕ, 1915ರದು. ವಿದೇಶಿ ಪದಕ ಕೊನೆಗೆ ಬಂದಿರುವುದೂ ಸರಿ. ಅಂದರೆ ನಮ್ಮ ಈ ಉತ್ತರದ ಮನುಷ್ಯ ತುರ್ಕರ ಜೊತೆ ಕೆಲಸ ಮಾಡಿದ್ದಾನೆ, ಡಾರ್ಡನೆಲ್ಸ್ ಇರಬಹುದು, ಪ್ಯಾಲೆಸ್ಟೈನ್ ಇರಬಹುದು. ಪ್ಯಾಲೆಸ್ಟೈನ್ ಅಂದಾಗ ನನ್ನ ಮನಸ್ಸು ಸ್ವಲ್ಪ ಊರ ಕಡೆ ಓಡುತ್ತದೆ, ಯಾಕೆಂದರೆ 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದ ಕುದುರೆ ಪಡೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು, ಎದುರಿಗಿದ್ದ ತುರ್ಕಿ ಸೇನೆಗೆ ಲಿಮಾನ್ ಫೊನ್ ಸ್ಯಾಂಡರ್ಸ್ ಅನ್ನುವ ಜರ್ಮನ್ ಜನರಲ್ ಮುಖ್ಯಸ್ಥ. ಈ ಪಟ್ಟಿಯವನು ಅಲ್ಲಿದ್ದ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಶುರುಮಾಡಿದರೆ ನಾನೂ ಆ ಸಂತೆಯವನ ಹಾಗೇ ಆಗುತ್ತೇನೆ.

ಒಂದು ಎಚ್ಚರಿಕೆ. ಕ್ರಮದ ನಿಯಮ ಎಲ್ಲ ಕಾಲಕ್ಕೂ ಒಂದೇ ಅಲ್ಲ. ಚಕ್ರವರ್ತಿಯ ಕಾಲದಲ್ಲಿ ಬವೇರಿಯದವನು, ಸ್ಯಾಕ್ಸನಿಯವನು ತನ್ನ ರಾಜನ ಪದಕವನ್ನು ಐರನ್ ಕ್ರಾಸ್‌ಗಿಂತ ಮುಂದೆ ಇಟ್ಟುಕೊಂಡಿರಬಹುದು. 1930ರ ದಶಕದ ಪಟ್ಟಿಗಳಲ್ಲಿ ಐರನ್ ಕ್ರಾಸ್ ಎಲ್ಲರಿಗೂ ಮೊದಲು. ಹಾಗಾಗಿ ಕ್ರಮ ಬೇರೆ ಇದ್ದ ಮಾತ್ರಕ್ಕೆ ನಕಲಿ ಅನ್ನಬೇಡಿ, ಯಾವ ಕಾಲದ್ದು ಅಂತ ಮೊದಲು ನೋಡಿ.

ಅಸಲಿಯೋ ನಕಲಿಯೋ

ಐರನ್ ಕ್ರಾಸ್‌ಗೆ ಬರೋಣ. 1813ರ ಮಾರ್ಚ್ 10ರಂದು ಪ್ರಷ್ಯದ ರಾಜ ಮೂರನೇ ಫ್ರೀಡ್ರಿಶ್ ವಿಲ್ಹೆಲ್ಮ್ ಇದನ್ನು ಶುರುಮಾಡಿದ. ಅದು ತೀರಿಹೋಗಿದ್ದ ಅವನ ರಾಣಿ ಲೂಯಿಸೆಯ ಹುಟ್ಟುಹಬ್ಬ. ಆಮೇಲೆ 1870, 1914, 1939ರಲ್ಲಿ ಮತ್ತೆ ಮತ್ತೆ ಜೀವ ಬಂತು. ನಿಮಗೆ ಸಿಗುವುದು ಬಹುತೇಕ 1914ರದು, ಎರಡನೇ ದರ್ಜೆಯವು 50 ಲಕ್ಷಕ್ಕೂ ಜಾಸ್ತಿ ಹೋಗಿವೆ. 1813ರದು ಸಂತೆಯಲ್ಲಿ ಸಿಕ್ಕಿತು ಅಂದರೆ ಸಿಕ್ಕಿಲ್ಲ ಅಂತಲೇ ಅಂದುಕೊಳ್ಳಿ. 1870ರದಕ್ಕೂ ನಕಲಿ ವಿಪರೀತ.

1914ರದರ ಮುಂಭಾಗದಲ್ಲಿ ಮೇಲೆ ಕಿರೀಟ, ನಡುವೆ ಡಬ್ಲ್ಯೂ ಅಕ್ಷರ, ಕೆಳಗೆ ಇಸವಿ. ಹಿಂಭಾಗದಲ್ಲಿ ಕಿರೀಟ, ಎಫ್‌ಡಬ್ಲ್ಯೂ, ಓಕ್ ಎಲೆಗಳು, ಕೆಳಗೆ 1813. ಹಿಂದೆ 1813 ಇದೆ ಅಂತ "ಇನ್ನೂರು ವರ್ಷ ಹಳೇದು" ಎಂದು ಮಾರುವವರನ್ನು ನೋಡಿದ್ದೇನೆ, ಮರುಳಾಗಬೇಡಿ. ಮಾಡಿದ ರೀತಿ ಮುಖ್ಯ. ನಡುವಿನ ಕಪ್ಪು ಭಾಗ ಕಬ್ಬಿಣ, ಸುತ್ತ ಬೆಳ್ಳಿಯ ಚೌಕಟ್ಟು. ಚೌಕಟ್ಟು ಎರಡು ಅರ್ಧಗಳು, ನಡುವೆ ಕಬ್ಬಿಣ ಇಟ್ಟು ಬೆಸುಗೆ ಹಾಕಿದ್ದು. ಹಾಗಾಗಿ ಚಿನ್ನದಂಗಡಿಯವರು ಕಣ್ಣಿಗೆ ಇಟ್ಟುಕೊಳ್ಳುತ್ತಾರಲ್ಲ, ಆ ಭೂತಗನ್ನಡಿಯಲ್ಲಿ ಪಕ್ಕದಿಂದ ನೋಡಿದರೆ ಸುತ್ತಲೂ ಸಣ್ಣ ಕೂಡುಗೆರೆ ಕಾಣಬೇಕು. ಕಪ್ಪು ಭಾಗ ಚೌಕಟ್ಟಿನ ಒಳಗೆ ಬೇರೆ ತುಂಡಾಗಿ ಕೂತಿರಬೇಕು, ಅಂಚಿನ ಸಣ್ಣ ಮಣಿಸಾಲು ಚೂಪಾಗಿರಬೇಕು. ಅಗ್ಗದ ನಕಲಿಯಲ್ಲಿ ಎಲ್ಲ ಒಂದೇ ಎರಕ, ಮಣಿಗಳು ಕರಗಿದ ಬೆಲ್ಲದ ಹಾಗೆ, ಮೇಲೆ ಕಪ್ಪು ಪೇಂಟ್. ಅಸಲಿಯ ಗಾತ್ರ ಸುಮಾರು 42 ಮಿಲಿಮೀಟರ್.

ಅಯಸ್ಕಾಂತ ನಡುವಿಗೆ ಅಂಟಬೇಕು, ಬರೀ ಚೌಕಟ್ಟಿಗಲ್ಲ. ಆದರೆ ಅಂಟಿದ ತಕ್ಷಣ ಅಸಲಿ ಅಂತ ಕುಣಿಯಬೇಡಿ, ಒಳ್ಳೆಯ ನಕಲಿ ಮಾಡುವವನಿಗೂ ಕಬ್ಬಿಣ ಸಿಗುತ್ತದೆ. ಅಂಟದ ಅಸಲಿಗಳೂ ಕೆಲವು ಇವೆ, ಆದರೆ ಹೊಸಬರು ಅದರ ಗೋಜಿಗೆ ಹೋಗುವುದು ಬೇಡ. ಮೇಲಿನ ಬಳೆಯಲ್ಲಿ ತಯಾರಕರ ಚಿಕ್ಕ ಗುರುತು ಹುಡುಕಿ: ಎಸ್-ಡಬ್ಲ್ಯೂ ಅಂದರೆ ಬರ್ಲಿನ್ನಿನ ಸಿ ಉಂಡ್ ವಾಗ್ನರ್, ಎಫ್ಆರ್ ಅಂದರೆ ಫ್ರೀಡ್‌ಲೆಂಡರ್. 800 ಅಂತ ಇದ್ದರೆ ಬೆಳ್ಳಿಯ ಮಟ್ಟ. ಗುರುತೇ ಇಲ್ಲದ ಅಸಲಿಗಳೂ ಬೇಕಾದಷ್ಟಿವೆ, ಗುರುತು ಇಲ್ಲ ಅಂತ ಬಿಟ್ಟುಬಿಡಬೇಡಿ.

ರಿಬ್ಬನ್ ಪಟ್ಟಿಯ ಮೋಸ ಬೇರೆ ಥರ. ಬೆಲೆ ಏರಿದ ಕಡೆ ಅಸಲಿ ತುಂಡುಗಳನ್ನೇ ಸೇರಿಸಿ ಹೊಸ ಪಟ್ಟಿ ಹೊಲಿಯುತ್ತಾರೆ, ಅದನ್ನು ಹಿಡಿಯುವುದು ಕಷ್ಟ. ಮೊದಲು ಹಿಂಭಾಗ ನೋಡಿ. ಹಳೇ ಪಟ್ಟಿಗಳ ಹಿಂದೆ ಉಣ್ಣೆ ಬಟ್ಟೆ, ಕೆಂಪೋ ನೀಲಿಯೋ ಬೂದು ಬಣ್ಣವೋ, ಅಥವಾ ತಗಡು. ಪಿನ್ ಬಗ್ಗಿದ್ದು, ಸ್ವಲ್ಪ ತುಕ್ಕು, ಬಟ್ಟೆ ಮೇಲೆ ಪಿನ್ ಉಜ್ಜಿ ಆದ ಗೆರೆ ಇದ್ದರೆ ಸಂತೋಷ. ಹಳೇ ದರ್ಜಿ ಅಂಗಡಿಯ ಚೀಟಿ ಇದ್ದರೆ ಇನ್ನೂ ಸಂತೋಷ. ಆಮೇಲೆ ರಿಬ್ಬನ್ನಿನ ಮಡಿಕೆ ಒಳಗೆ ಇಣುಕಿ. ಬಿಸಿಲಿಗೆ ಬಿದ್ದ ಮುಂಭಾಗ ಮಾಸಿ, ಒಳಗೆ ಬಣ್ಣ ಗಾಢವಾಗಿ ಉಳಿದಿರಬೇಕು. ಒಳಗೂ ಹೊರಗೂ ಒಂದೇ ಸಮ ಕಂದು ಅಂದರೆ ಯಾರೋ ಟೀ ಡಿಕಾಕ್ಷನ್‌ನಲ್ಲಿ ಅದ್ದಿ ತೆಗೆದಿದ್ದಾರೆ. ಮೂಸಿ ನೋಡಲು ನಾಚಿಕೆ ಬೇಡ.

ಯುವಿ ಟಾರ್ಚ್ ಒಂದು ಇರಲಿ, ನೋಟು ಪರೀಕ್ಷೆ ಮಾಡುವ ಚಿಕ್ಕದು ಸಾಕು. ಈಗಿನ ದಾರದಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುತ್ತದೆ, ಯುವಿ ಬೆಳಕಿಗೆ ನೀಲಿಯಾಗಿ ಪಳಪಳ ಹೊಳೆಯುತ್ತದೆ. ಬಿಳಿ ಪಟ್ಟೆ ಅಥವಾ ಹಿಂದಿನ ಹೊಲಿಗೆ ದಾರ ಹಾಗೆ ಹೊಳೆದರೆ ಅನುಮಾನಪಡಿ. ಇದೇ ಕೊನೆ ಮಾತಲ್ಲ, ಯಾರೋ ಅಜ್ಜಿ ಒಳ್ಳೆ ಮನಸ್ಸಿನಿಂದ ಈಗಿನ ಸೋಪುಪುಡಿಯಲ್ಲಿ ಒಗೆದಿದ್ದರೂ ಹೊಳೆಯುತ್ತದೆ.

ಎಲ್ಲಕ್ಕಿಂತ ಜಾಸ್ತಿ ದುಡ್ಡು ಹೋಗುವುದು ರಿಬ್ಬನ್ ಮೇಲಿನ ಚಿಕ್ಕ ಲೋಹದ ತುಣುಕುಗಳಲ್ಲಿ. ಕಪ್ಪು-ಬಿಳಿ ಐರನ್ ಕ್ರಾಸ್ ರಿಬ್ಬನ್ ಮೇಲೆ ಕಿರೀಟ ಮತ್ತು ಕತ್ತಿ ಕೂತರೆ ಅದು ಪ್ರಷ್ಯದ ರಾಜರ ಹೊಹೆನ್‌ಟ್ಸೊಲರ್ನ್ ಮನೆತನದ ಪದಕ, ಅಧಿಕಾರಿಗಳದು, ಬೆಲೆ ಹಲವು ಪಟ್ಟು. ರಿಬ್ಬನ್ ಒಂದೇ ಥರ ಆಗಿರುವುದರಿಂದ ಒಂದು ಸಾಧಾರಣ ಪಟ್ಟಿಗೆ ಚಿಕ್ಕ ಕಿರೀಟ ಚುಚ್ಚಿಬಿಟ್ಟರೆ ಮುಗಿಯಿತು, ಮೂರು ನಾಮ ತಯಾರು. ತುಣುಕನ್ನು ಮೆಲ್ಲಗೆ ಎತ್ತಿ ಕೆಳಗಿನ ಬಟ್ಟೆ ನೋಡಿ. ಎಂಬತ್ತು ತೊಂಬತ್ತು ವರ್ಷ ಅಲ್ಲೇ ಕೂತಿದ್ದರೆ ಅದರ ನೆರಳಿನ ಆಕಾರದಲ್ಲಿ ಬಟ್ಟೆ ಮಾಸದೆ ಉಳಿದಿರುತ್ತದೆ, ಕಾಲು ಚುಚ್ಚಿದ ಕಡೆ ತುಕ್ಕಿನ ಕಲೆ ಇರುತ್ತದೆ. ಇಲ್ಲದಿದ್ದರೆ ವಾಪಸ್ ಇಟ್ಟು ನಮಸ್ಕಾರ ಹೇಳಿ ಬನ್ನಿ.

ನಾಜಿ ಕಾಲದ್ದರ ಬಗ್ಗೆ

ನಾನು ಕೂಡಿಡುವುದು ಚಕ್ರವರ್ತಿ ಕಾಲದ್ದು ಮತ್ತು ಅದರ ಮುಂದುವರಿಕೆಯ ಪಟ್ಟಿಗಳು. 1933–45ರ ಸ್ವಸ್ತಿಕ ಇರುವ ಪದಕಗಳ ಹಿಂದೆ ಹೋಗುವುದಿಲ್ಲ, ಮನಸ್ಸಿಗೆ ಒಗ್ಗುವುದಿಲ್ಲ, ಜೊತೆಗೆ ಜಗತ್ತಿನಲ್ಲಿ ಅತಿ ಹೆಚ್ಚು ನಕಲಿ ಇರುವುದೂ ಅಲ್ಲೇ. ನಮ್ಮ ಮನೆ ಬಾಗಿಲ ಸ್ವಸ್ತಿಕಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ನಿಮಗೆ ಗೊತ್ತು, ಜರ್ಮನಿಯ ಪೊಲೀಸರಿಗೆ ಅದನ್ನು ವಿವರಿಸುವ ಪ್ರಸಂಗ ತಂದುಕೊಳ್ಳಬೇಡಿ. ಅಲ್ಲಿನ ದಂಡ ಸಂಹಿತೆಯ 86ಎ ಕಲಂ ಪ್ರಕಾರ ಆ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದು ಅಪರಾಧ. ಸಂತೆಗಳಲ್ಲಿ ಅದರ ಮೇಲೆ ಚಿಕ್ಕ ಸ್ಟಿಕ್ಕರ್ ಅಂಟಿಸಿರುತ್ತಾರೆ. ಸ್ವಸ್ತಿಕದ ಜಾಗದಲ್ಲಿ ಓಕ್ ಎಲೆ ಇರುವ 1939ರ ಐರನ್ ಕ್ರಾಸ್ ಕಂಡರೆ ಅದು ನಕಲಿ ಅಲ್ಲ, 1957ರ ಕಾಯ್ದೆ ಬಂದಮೇಲೆ ಹಳೇ ಸೈನಿಕರು ತೊಡಲಿ ಅಂತ ಮಾಡಿದ್ದು. ಆದರೆ ಯುದ್ಧಕಾಲದ್ದರ ಬೆಲೆ ಅದಕ್ಕೆ ಕೊಡಬೇಡಿ.

ಕೊಳ್ಳುವುದು, ಇಡುವುದು

ಮೊದಲು ಅಸಲಿ ನೋಡಿ ಕಣ್ಣು ಪಳಗಿಸಿ. ಇಂಗೋಲ್‌ಸ್ಟಾಟ್‌ನ ಬವೇರಿಯ ಸೇನಾ ವಸ್ತುಸಂಗ್ರಹಾಲಯ, ರಾಸ್ಟಾಟ್‌ನ ಸೇನಾ ಇತಿಹಾಸ ವಸ್ತುಸಂಗ್ರಹಾಲಯ, ಡ್ರೆಸ್ಡೆನ್‌ನ ದೊಡ್ಡದು, ಯಾವುದಾದರೂ ಒಂದರಲ್ಲಿ ಅರ್ಧ ದಿನ ಕಳೆಯಿರಿ. ಆನ್‌ಲೈನ್ ಆದರೆ ಹಿಂಭಾಗದ, ಪಕ್ಕದ ಫೋಟೋ ಕೇಳಿ. ಕೊಡದಿದ್ದರೆ ಬೇಡ. ಜೊತೆಗೆ ಹೆಸರಿರುವ ಪ್ರಮಾಣಪತ್ರ ಬಂದರೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ, ಆದರೆ ಕಾಗದವೂ ಪದಕವೂ ಒಂದೇ ಮನೆಯಿಂದ ಬಂದವೇ ಅಂತ ಕೇಳಿ. ಭಾರತಕ್ಕೆ ತಂದಮೇಲೆ ಒಂದು ವಿಷಯ ನೆನಪಿರಲಿ, 100 ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಗೆ ಸೇರಬಹುದು, ಆಮೇಲೆ ಹೊರದೇಶದವರಿಗೆ ಅಂಚೆಯಲ್ಲಿ ಕಳಿಸಿ ಮಾರುತ್ತೇನೆ ಅನ್ನುವ ಲೆಕ್ಕ ಹಾಕಬೇಡಿ.

ಪಾಲಿಶ್ ಮಾಡಲೇಬೇಡಿ. ದೀಪಾವಳಿಗೆ ಹಿತ್ತಾಳೆ ಪಾತ್ರೆ ತೊಳೆಯುವ ಉತ್ಸಾಹದಲ್ಲಿ ನಮ್ಮ ಮನೆಯವರೊಬ್ಬರು ನನ್ನ 1870ರ ಕಂಚಿನ ಪದಕಕ್ಕೆ ಹುಣಸೆಹಣ್ಣು ಹಚ್ಚಿ ಫಳಫಳ ಮಾಡಿಟ್ಟರು. ಅಂಚಿನಲ್ಲಿ "ಗೆದ್ದ ತೋಪಿನಿಂದ ಮಾಡಿದ್ದು" ಎನ್ನುವ ಅರ್ಥದ ಜರ್ಮನ್ ಬರಹ ಇತ್ತು, ಅದರ ಸಂದುಗಳಲ್ಲಿ ಈಗಲೂ ಬಿಳಿ ಚೂರು ಕೂತಿದೆ. ಬೆಲೆ ಅರ್ಧ. ಯಾರಿಗೂ ಏನೂ ಅನ್ನುವ ಹಾಗಿರಲಿಲ್ಲ.

ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲ ಕಬ್ಬಿಣದ ಶತ್ರು. ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅದನ್ನು ತಿಂಗಳಿಗೊಮ್ಮೆ ಒಣಗಿಸಿ ಅಥವಾ ಬದಲಿಸಿ. ಮೆತ್ತಗಿನ ಪಿವಿಸಿ ಕವರ್ ಬೇಡ, ಕಾಲಕ್ರಮೇಣ ಅಂಟಂಟಾಗಿ ಲೋಹ ಹಾಳುಮಾಡುತ್ತದೆ. ಪಟ್ಟಿಯ ಹಿಂದಿನ ಉಣ್ಣೆಗೆ ನುಸಿ ಬೀಳುತ್ತದೆ, ಎರಡು ತಿಂಗಳಿಗೊಮ್ಮೆ ತೆಗೆದು ನೋಡಿ. ಗೋಡೆಗೆ ಫ್ರೇಮ್ ಹಾಕಿಸುವ ಆಸೆ ಇದ್ದರೆ ಬಿಸಿಲು ಬೀಳದ ಗೋಡೆ. ಪ್ರತಿ ಪಟ್ಟಿಗೂ ಒಂದು ಚೀಟಿ ಇಡಿ: ಎಲ್ಲಿ ಕೊಂಡಿರಿ, ಯಾವತ್ತು, ಎಷ್ಟಕ್ಕೆ, ಮಾರಿದವನು ಏನು ಹೇಳಿದ. ಪೆನ್ಸಿಲ್‌ನಲ್ಲಿ ಬರೆಯಿರಿ, ಪಟ್ಟಿಗೆ ಅಂಟಿಸಬೇಡಿ. ಆ ನಕಲಿ ಐರನ್ ಕ್ರಾಸ್‌ಗೂ ನಾನೊಂದು ಚೀಟಿ ಇಟ್ಟಿದ್ದೇನೆ, 70 ಯೂರೋ ಅಂತ ದಪ್ಪಗೆ ಬರೆದು, ಹೊಸದೇನಾದರೂ ಕೊಳ್ಳಲು ಹೊರಡುವ ದಿನ ಅದನ್ನು ಜೇಬಿಗೆ ಹಾಕಿಕೊಂಡೇ ಹೋಗುತ್ತೇನೆ, ಸಂತೆಯಲ್ಲಿ ಪಕ್ಕದಲ್ಲಿಟ್ಟು ಹೋಲಿಸಿ ನೋಡಲು ಅದರಷ್ಟು ಅನುಕೂಲದ್ದು ಬೇರೆ ಇಲ್ಲ.